ಹರಾಜಿನ ಸರದಿ: ಡಿಸ್‌ಪ್ಲೇ ಜಾಹೀರಾತು ಪೈಪೋಟಿಯಲ್ಲಿ ಸ್ಥಾನಬಲದ ಪಾತ್ರ

2007ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಅಂತರ್ಜಾಲ ಜಾಹೀರಾತು ಉದ್ಯಮದ ಪ್ರಮುಖ ಕಂಪನಿಗಳು ಒಂದರ ಹಿಂದೊಂದು ಬಿಕರಿಯಾದವು. ಡಬಲ್‌ಕ್ಲಿಕ್ಕನ್ನು 310 ಕೋಟಿ ಡಾಲರಿಗೆ ಕೊಳ್ಳುವುದಾಗಿ ಗೂಗಲ್ ಪ್ರಕಟಿಸಿತು. ರೈಟ್ ಮೀಡಿಯಾದಲ್ಲಿ ಆಗಲೇ ಶೇ 20ರ ಪಾಲು ಹೊಂದಿದ್ದ ಯಾಹೂ, ಉಳಿದುದಕ್ಕೆ 68 ಕೋಟಿ ಡಾಲರ್ ಕೊಡಲು ಒಪ್ಪಿತು. ಮೈಕ್ರೋಸಾಫ್ಟ್ ಸುಮಾರು 600 ಕೋಟಿ ಡಾಲರಿಗೆ ಎಕ್ವಾಂಟಿವ್ ಕೊಂಡಿತು. ಐದು ವರ್ಷಗಳ ನಂತರ, 2012ರಲ್ಲಿ, 620 ಕೋಟಿ ಡಾಲರ್ ನಷ್ಟವನ್ನು ಲೆಕ್ಕದಲ್ಲಿ ತೋರಿಸಿತು. ಮೂವರಲ್ಲಿ ಗೆದ್ದವರು ಒಬ್ಬರೇ. ಈ ಗೆಲುವಿಗೆ ಗೂಗಲ್ ಬಳಿಯಿದ್ದ ದತ್ತಾಂಶವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ದತ್ತಾಂಶ ಯಾಹೂ ಬಳಿಯೂ ಹೇರಳವಾಗಿತ್ತು. ಹರಾಜಿನಲ್ಲಿ ಯಾರನ್ನು ಯಾವಾಗ ಕೇಳಬೇಕೆಂದು ನಿರ್ಧರಿಸುವ ಜಾಗ ಗೂಗಲ್ ಕೈಸೇರಿದ್ದೇ ನಿರ್ಣಾಯಕವಾಯಿತು ಎಂಬುದು ಈ ಲೇಖನದ ವಾದ.

ಡಬಲ್‌ಕ್ಲಿಕ್ಕಿನ ಮುಖ್ಯ ಆಸ್ತಿ ಪ್ರಕಾಶಕರ ಜಾಹೀರಾತು ಸರ್ವರ್. ಓದುಗರು ಪುಟ ತೆರೆದ ಕ್ಷಣದಲ್ಲಿ, ಖಾಲಿ ಜಾಗಕ್ಕೆ ಯಾರ ಜಾಹೀರಾತು ಬರಬೇಕೆಂಬುದು ಅಲ್ಲಿ ತೀರ್ಮಾನವಾಗುತ್ತದೆ. ಪತ್ರಿಕೆಯೊಂದು ಇಂಥ ಸರ್ವರನ್ನು ಬದಲಿಸುವುದು ಬಲು ತ್ರಾಸದ ಕೆಲಸ. ಒಪ್ಪಂದಗಳು, ವರದಿಗಳು, ಬಿಲ್ಲುಗಳು ಎಲ್ಲವೂ ಅದಕ್ಕೆ ಹೆಣೆದುಕೊಂಡಿರುತ್ತವೆ. ಎದುರು ಬದಿಯಲ್ಲಿ, ಹುಡುಕಾಟದ ಜಾಹೀರಾತಿಗಾಗಿ ಬಂದ ಅಸಂಖ್ಯ ಸಣ್ಣ ಜಾಹೀರಾತುದಾರರು ಗೂಗಲ್ ಬಳಿ ಮೊದಲೇ ಇದ್ದರು. ಈ ಎರಡು ದಡಗಳ ನಡುವೆ ಕಟ್ಟಿದ ಸೇತುವೆಯೇ ಆಡ್‌ಎಕ್ಸ್ ಎಂಬ ವಿನಿಮಯ ಕೇಂದ್ರ. ವಹಿವಾಟಿನಲ್ಲಿ ಸುಮಾರು ಶೇ 20ರಷ್ಟು ಕಮಿಷನ್ ಅದರದು.

ಇಲ್ಲಿನ ಸರದಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪ್ರಕಾಶಕರು ಉಳಿದ ಜಾಹೀರಾತು ಜಾಲಗಳನ್ನು ಅವುಗಳ ಹಿಂದಿನ ಸರಾಸರಿ ದರದಂತೆ ಮೇಲಿಂದ ಕೆಳಕ್ಕೆ ಸಾಲಾಗಿ ನಿಲ್ಲಿಸುತ್ತಿದ್ದರು. ಆ ಕ್ಷಣದ ನಿಜವಾದ ಬಿಡ್ ಹಾಕುವ ಅವಕಾಶ ಇದ್ದದ್ದು ಆಡ್‌ಎಕ್ಸ್‌ಗೆ ಮಾತ್ರ. ಒಂದು ಜಾಲದ ಸರಾಸರಿ ದರ ಸಾವಿರ ಪ್ರದರ್ಶನಕ್ಕೆ 1 ಡಾಲರ್, ಆದರೆ ಈ ನಿರ್ದಿಷ್ಟ ಓದುಗನಿಗಾಗಿ 3 ಡಾಲರ್ ದರ ಕೊಡಲು ಅದು ಸಿದ್ಧ ಎಂದಿಟ್ಟುಕೊಳ್ಳೋಣ. ಆಡ್‌ಎಕ್ಸ್ 1.05 ಡಾಲರ್ ಎಂದರೆ ಸಾಕು, ಜಾಗ ಅದರದ್ದು. 3 ಡಾಲರ್ ಕೊಡಬಲ್ಲವನನ್ನು ಯಾರೂ ಕೇಳುವುದೇ ಇಲ್ಲ. ನಷ್ಟ ಪ್ರಕಾಶಕರಿಗೆ, ಅದು ಅವರ ಯಾವ ವರದಿಯಲ್ಲೂ ಕಾಣುವುದಿಲ್ಲ.

ಇದಕ್ಕೆ ಎದುರಾಳಿಗಳು ಹುಡುಕಿದ ದಾರಿ ಹೆಡರ್ ಬಿಡ್ಡಿಂಗ್. 2015ರ ಸುಮಾರಿಗೆ ವ್ಯಾಪಕವಾದ ಈ ವಿಧಾನದಲ್ಲಿ, ಪುಟದ ತಲೆಭಾಗದಲ್ಲಿರುವ ಸಂಕೇತವು (ಕೋಡ್), ಕೋರಿಕೆ ಸರ್ವರನ್ನು ತಲುಪುವ ಮೊದಲೇ, ಹಲವು ವಿನಿಮಯ ಕೇಂದ್ರಗಳಿಂದ ಏಕಕಾಲಕ್ಕೆ ಬಿಡ್ ಕೇಳುತ್ತದೆ. ಜಾಣತನದ ಉಪಾಯವೇ ಸರಿ. ಆದರೆ ಕೊನೆಯ ತೀರ್ಮಾನ ಮತ್ತೆ ಅದೇ ಸರ್ವರಿನಲ್ಲಿ ಆಗಬೇಕಿತ್ತು. ಹೊರಗಿನ ಅತ್ಯಧಿಕ ಬಿಡ್ ಎಷ್ಟೆಂದು ತಿಳಿದ ಮೇಲೆ ಆಡ್‌ಎಕ್ಸ್ ಬಿಡ್ ಹಾಕುತ್ತಿತ್ತು. ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಟೆಂಡರ್ ನಡೆಸುವವನೇ ಎಲ್ಲರ ಚೀಟಿ ಬಿಚ್ಚಿ ನೋಡಿ, ಆಮೇಲೆ ತನ್ನದೊಂದು ಚೀಟಿ ಸೇರಿಸಿದ ಹಾಗೆ. 2019ರಲ್ಲಿ ಗೂಗಲ್, ಗೆದ್ದವರು ತಾವು ಹಾಕಿದ ಬಿಡ್ ಮೊತ್ತವನ್ನೇ ತೆರುವ ಪ್ರಥಮ ದರ ಹರಾಜಿಗೆ ಬದಲಾದಾಗ ಈ ಸೌಲಭ್ಯ ಕೊನೆಗೊಂಡಿತು. ಅದೇ ಹೊತ್ತಿಗೆ ಆಡ್‌ಎಕ್ಸ್‌ಗೆ ಮಾತ್ರ ಹೆಚ್ಚಿನ ಕನಿಷ್ಠ ದರ ನಿಗದಿ ಮಾಡುವ ಪ್ರಕಾಶಕರ ಸ್ವಾತಂತ್ರ್ಯವೂ ಹೋಯಿತು. ಕೊಟ್ಟದ್ದಕ್ಕಿಂತ ಕಸಿದುಕೊಂಡದ್ದೇ ಹೆಚ್ಚೆನಿಸುತ್ತದೆ.

ಹೆಡರ್ ಬಿಡ್ಡಿಂಗಿನಲ್ಲಿ ಮುಂಚೂಣಿಯಲ್ಲಿದ್ದ ಆಪ್‌ನೆಕ್ಸಸ್ ಕಥೆ ಸ್ವಾರಸ್ಯಕರ. ಅದನ್ನು ಕಟ್ಟಿದ ಬ್ರಯಾನ್ ಒಕೆಲ್ಲಿ ಹಿಂದೆ ರೈಟ್ ಮೀಡಿಯಾದಲ್ಲಿದ್ದವರು. 1994ರಲ್ಲಿ ಹಾಟ್‌ವೈರ್ಡ್ ತಾಣದ ಮೊದಲ ಬ್ಯಾನರ್‌ಗಳಲ್ಲಿ ಒಂದನ್ನು ಕೊಂಡಿದ್ದ ಎಟಿ ಅಂಡ್ ಟಿ 2018ರಲ್ಲಿ ಈ ಕಂಪನಿಯನ್ನು ಕೊಂಡಿತು. 2022ರಲ್ಲಿ ಅದು ಮೈಕ್ರೋಸಾಫ್ಟ್ ಪಾಲಾಯಿತು.

ಫೇಸ್‌ಬುಕ್ ಬೇರೆ ಹಾದಿ ಹಿಡಿಯಿತು. 2012ರಲ್ಲಿ ತೆರೆದ ತನ್ನ ವಿನಿಮಯ ಕೇಂದ್ರವನ್ನು 2016ರಲ್ಲಿ ಮುಚ್ಚಿ, ತನ್ನ ಜಾಗವನ್ನು ತನ್ನದೇ ಸಾಧನಗಳ ಮೂಲಕ ಮಾರುವುದನ್ನು ಗಟ್ಟಿಮಾಡಿಕೊಂಡಿತು. ಬೇಲಿಯೊಳಗೆ ಸರದಿಯ ತಕರಾರಿಲ್ಲ. ಆದರೆ ಬೇಲಿ ನಿಂತದ್ದು ಪರರ ನೆಲದಲ್ಲಿ. 2021ರ ಏಪ್ರಿಲ್‌ನಲ್ಲಿ ಆಪಲ್, ಬಳಕೆದಾರರ ಜಾಡು ಹಿಡಿಯಲು ಅವರ ಅನುಮತಿ ಕಡ್ಡಾಯವೆಂದಿತು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯಕ್ಕೆ ಹೊಡೆತ ಬೀಳಲಿದೆ ಎಂದು ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಅಂದಾಜಿಸಿತು. ಸರ್ವರಿಗಿಂತ ಮೇಲಿನ ಸ್ಥಾನ ಫೋನಿನ ಕಾರ್ಯವ್ಯವಸ್ಥೆಗೆ ಇದೆ ಎಂಬುದು ಅಲ್ಲಿಗೆ ಖಚಿತವಾಯಿತು. ಬೆಂಗಳೂರಿನ ಇನ್‌ಮೊಬಿ ಸಮೂಹವು ಗ್ಲಾನ್ಸ್ ಮೂಲಕ ಆಂಡ್ರಾಯ್ಡ್ ಫೋನುಗಳ ಲಾಕ್‌ಸ್ಕ್ರೀನಿಗೆ ಇಳಿದದ್ದನ್ನೂ ಈ ದೃಷ್ಟಿಯಿಂದ ಓದಬಹುದು: ಯಾವುದೇ ಆ್ಯಪ್ ತೆರೆಯುವ ಮೊದಲೇ ಸಿಗುವ ಜಾಗ ಅದು. 2020ರಲ್ಲಿ ಗ್ಲಾನ್ಸ್‌ನಲ್ಲಿ ಹಣ ಹೂಡಿದವರಲ್ಲಿ ಗೂಗಲ್ ಕೂಡ ಒಂದು.

2025ರ ಏಪ್ರಿಲ್ 17ರಂದು ವರ್ಜೀನಿಯಾದ ಫೆಡರಲ್ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ, ಪ್ರಕಾಶಕರ ಸರ್ವರ್ ಮತ್ತು ವಿನಿಮಯ ಕೇಂದ್ರ ಎರಡರಲ್ಲೂ ಗೂಗಲ್ ಅಕ್ರಮ ಏಕಸ್ವಾಮ್ಯ ಸಾಧಿಸಿದೆ, ಎರಡನ್ನೂ ಕಾನೂನುಬಾಹಿರವಾಗಿ ಗಂಟುಹಾಕಿದೆ ಎಂದು ತೀರ್ಪಿತ್ತರು. ಜಾಹೀರಾತುದಾರರ ಜಾಲದ ಕುರಿತ ಆರೋಪ ಸಾಬೀತಾಗಲಿಲ್ಲ. ಪರಿಹಾರವಾಗಿ ಅಮೆರಿಕದ ನ್ಯಾಯ ಇಲಾಖೆ ಕೇಳಿದ್ದರಲ್ಲಿ ಎರಡು ಅಂಶಗಳಿವೆ: ಆಡ್‌ಎಕ್ಸ್ ಮಾರಾಟ, ಮತ್ತು ಸರ್ವರಿನೊಳಗೆ ಅಂತಿಮ ಹರಾಜು ನಡೆಸುವ ತರ್ಕವನ್ನು ಮುಕ್ತ ಸಂಕೇತವಾಗಿ ಹೊರತರುವುದು. ಸುದ್ದಿಯಾದದ್ದು ಮೊದಲನೆಯದು; ತೂಕವಿರುವುದು ಎರಡನೆಯದಕ್ಕೆ. ಸರದಿ ನಿರ್ಧರಿಸುವ ನಿಯಮ ಗುಟ್ಟಾಗಿಯೇ ಉಳಿದರೆ, ಆಡ್‌ಎಕ್ಸ್ ಕೊಂಡ ಹೊಸ ಮಾಲೀಕರೂ ಆಪ್‌ನೆಕ್ಸಸ್ ನಿಂತಿದ್ದ ಸಾಲಿನಲ್ಲೇ ನಿಲ್ಲಬೇಕಾಗುತ್ತದೆ.