ಅರಮನೆಯಿಲ್ಲದ ಮಹಲ್

ನಾಗಪುರದ ಹಳೆಯ ಪೇಟೆಗಳ ನಡುವೆ ಇರುವ ಬಡಾವಣೆಯೊಂದರ ಹೆಸರು ಮಹಲ್. ಅರಮನೆಯೆಂಬುದೇ ಆ ಹೆಸರಿನ ಅರ್ಥ. ಆದರೆ ಹೆಸರಿಗೆ ಕಾರಣವಾದ ಭೋಸಲೆ ಅರಸರ ಅರಮನೆ 1864ರಲ್ಲಿ ಬೆಂಕಿಗೆ ಆಹುತಿಯಾಯಿತು. ಕರಿಕಲ್ಲಿನಲ್ಲಿ ಕಟ್ಟಿ ಮರದ ಕೆತ್ತನೆಯಿಂದ ಸಿಂಗರಿಸಿದ್ದ ಆ ಸೌಧದಲ್ಲಿ ಉಳಿದದ್ದು ನಗಾರಖಾನೆಯೊಂದೇ. ಅರಮನೆ ಅಳಿದ ಮೇಲೂ ಅದರ ಸುತ್ತಲಿನ ಊರು ಹೇಗೆ ಉಳಿಯಿತು, ಇಂದು ಅದು ಏಕೆ ಕರಗುತ್ತಿದೆ ಎಂಬುದನ್ನು ಇಲ್ಲಿ ನೋಡೋಣ.

ನಾಗಪುರವೆಂಬ ಹೆಸರಿಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. ನೆರೆಯ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ತಾಮ್ರಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನದು. ಶಕವರ್ಷ 862, ಅಂದರೆ ಕ್ರಿ.ಶ. 940ರದು. ಅದರಲ್ಲಿ ದತ್ತಿಯಾಗಿ ಕೊಟ್ಟ ಗ್ರಾಮ ‘ನಾಗಪುರ-ನಂದಿವರ್ಧನ’ ವಿಷಯಕ್ಕೆ ಸೇರಿದ್ದೆಂದು ಹೇಳಿದೆ. ರಾಮಟೇಕಿನ ಬಳಿಯ ಇಂದಿನ ನಗರಧನವೇ ಆ ನಂದಿವರ್ಧನ. ಇಂದಿನ ನಗರ ತಲೆಯೆತ್ತುವ ಏಳು ಶತಮಾನಗಳಿಗೂ ಮೊದಲೇ ಅದರ ಹೆಸರು ಮಾನ್ಯಖೇಟದ ದೊರೆಯ ಶಾಸನವನ್ನು ಸೇರಿತ್ತು.

ನಗರವನ್ನು ಕಟ್ಟಿದವರಾದರೋ ಗೊಂಡ ಅರಸರು. ದೇವಗಢದ ಬಖ್ತ್ ಬುಲಂದ್ ಶಾಹ 1702ರ ಸುಮಾರಿಗೆ ಹನ್ನೆರಡು ಪುಟ್ಟ ಹಳ್ಳಿಗಳನ್ನು ಕೂಡಿಸಿ ಊರನ್ನು ನೆಲೆಗೊಳಿಸಿದನು. ಅವನ ತರುವಾಯ ಬಂದ ಚಾಂದ್ ಸುಲ್ತಾನನು ಅದನ್ನು ರಾಜಧಾನಿಯಾಗಿಸಿ ಕೋಟೆಗೋಡೆ ಎಬ್ಬಿಸಿದನು, ಜುಮ್ಮಾ ತಲಾವ್ ಎಂಬ ಕೆರೆಯನ್ನು ಕಟ್ಟಿಸಿದನು. ಜುಮ್ಮಾ ಎಂದರೆ ಶುಕ್ರವಾರ. ಅದೇ ಕೆರೆ ಮುಂದೆ ಜನರ ಬಾಯಲ್ಲಿ ಶುಕ್ರವಾರಿಯಾಯಿತು, ಇಂದು ಗಾಂಧಿಸಾಗರವಾಗಿದೆ. ಹಳೆಯ ಜುಮ್ಮಾ ದರವಾಜಾ ಗಾಂಧಿದ್ವಾರವೆನಿಸಿಕೊಂಡು ಈಗಲೂ ನಿಂತಿದೆ.

ಚಾಂದ್ ಸುಲ್ತಾನನ ಮರಣದ ನಂತರ ಮನೆತನದೊಳಗೆ ಎದ್ದ ಕಲಹವನ್ನು ಬಗೆಹರಿಸಲು ಬಂದವನು ರಘೂಜಿ ಭೋಸಲೆ. 1740ರಲ್ಲಿ ದಾಮಲಚೆರುವು ಕಣಿವೆಯಲ್ಲಿ ಆರ್ಕಾಟಿನ ನವಾಬ ದೋಸ್ತ್ ಅಲಿಯನ್ನು ಸೋಲಿಸಿದ ಮರಾಠಾ ಸೇನಾನಿ ಇವನೇ. 1743ರಲ್ಲಿ ನಾಗಪುರ ಅವನ ಕೈಸೇರಿತು. ಗೊಂಡ ಅರಸರು ತಮ್ಮ ಕಿಲ್ಲೆಯಲ್ಲಿ ಹೆಸರಿಗಷ್ಟೇ ರಾಜರಾಗಿ ಉಳಿದರು. ಹೊಸ ದರ್ಬಾರಿನ ಸುತ್ತ ಅಧಿಕಾರಿಗಳ ಮನೆಗಳೆದ್ದವು. ಪತ್ರವ್ಯವಹಾರ ನೋಡುತ್ತಿದ್ದ ಚಿಟಣವೀಸರ ನೆನಪನ್ನು ಚಿಟಣವೀಸಪುರಾ ಇಂದಿಗೂ ಹೊತ್ತಿದೆ. ನಗರ ಕಾಯುತ್ತಿದ್ದವರದನ್ನು ಕೊತ್ವಾಲಿ, ಅರಸರ ತೋಟದ್ದನ್ನು ತುಳಸಿಬಾಗ್. ಸಂತೆ ಕೂಡುತ್ತಿದ್ದ ದಿನಗಳಿಂದ ಇತ್ವಾರಿ, ಮಂಗಳವಾರಿ, ಬುಧವಾರಿ, ಶುಕ್ರವಾರಿಗಳಾದವು. ವಾರದ ದಿನಗಳನ್ನು ಹೇಳುತ್ತ ಹಳೆಯ ನಾಗಪುರವನ್ನು ಸುತ್ತಿ ಬರಬಹುದು.

ಇಲ್ಲಿನ ಹಿರಿಯ ಮನೆಗಳಿಗೆ ವಾಡಾ ಎನ್ನುತ್ತಾರೆ. ಉತ್ತರ ಕರ್ನಾಟಕದಿಂದ ಬಂದ ನಮಗೆ ಈ ಮಾತಿನ ಅರ್ಥವನ್ನು ಯಾರೂ ಹೇಳಬೇಕಾಗಿಲ್ಲ; ದೇಸಾಯರ ವಾಡೆಯನ್ನು ಕಂಡವರು ನಾವು. ಮೈಸೂರು ಸೀಮೆಯವರಿಗೆ ತೊಟ್ಟಿಮನೆ ನೆನಪಾದೀತು. ಕಲ್ಲಿನ ಎತ್ತರದ ತಳಪಾಯ, ದಪ್ಪ ಇಟ್ಟಿಗೆ ಗೋಡೆ, ಗೊಂಡವನದ ಕಾಡುಗಳಿಂದ ಬಂದ ತೇಗದ ಕಂಬ ಮತ್ತು ತೊಲೆ, ನಡುವೆ ಆಕಾಶಕ್ಕೆ ತೆರೆದ ಚೌಕ, ಅದರ ಸುತ್ತ ಪಡಸಾಲೆ. ಬೀದಿಗೆ ಮುಖಮಾಡಿದ ಗೋಡೆಯಲ್ಲಿ ಕಿಟಕಿಗಳು ಕಡಿಮೆ. ಮನೆ ಬೆಳಕನ್ನೂ ಗಾಳಿಯನ್ನೂ ಪಡೆಯುವುದು ಒಳಗಿನ ಚೌಕದಿಂದ. ಬೇಸಿಗೆಯಲ್ಲಿ ಉಷ್ಣತೆ 45 ಡಿಗ್ರಿ ದಾಟುವ ಊರಿನಲ್ಲಿ ಇದು ಬರಿಯ ಅಲಂಕಾರವಲ್ಲ. ದಪ್ಪ ಗೋಡೆ ಹಗಲಿನ ಝಳವನ್ನು ತಡೆಯುತ್ತದೆ. ಒಳಗಿನ ಬಿಸಿಗಾಳಿ ಚೌಕದಿಂದ ಮೇಲೇರಿ ಹೋಗುತ್ತದೆ.

ಈ ಲೋಕದ ಆಧಾರ ಕುಸಿದದ್ದು 1853ರ ಡಿಸೆಂಬರಿನಲ್ಲಿ. ಮೂರನೆಯ ರಘೂಜಿ ಮಕ್ಕಳಿಲ್ಲದೆ ತೀರಿಕೊಂಡನು. ಮರುವರ್ಷ ಡಾಲ್‌ಹೌಸಿ ರಾಜ್ಯವನ್ನು ಕಂಪನಿಗೆ ಸೇರಿಸಿಕೊಂಡನು. ಅರಮನೆಯ ಆನೆ ಕುದುರೆಗಳು ಹರಾಜಾದವು, ಒಡವೆಗಳು ಕಲಕತ್ತೆಯ ಪೇಟೆಗೆ ಹೋದವು. ಸಾಮಾನು ಸಾಗಿಸಿದರೆ ಅರಮನೆಗೇ ಬೆಂಕಿಯಿಡುವೆನೆಂದು ವೃದ್ಧ ರಾಣಿ ಬಾಂಕಾಬಾಯಿ ಬೆದರಿಸಿದಳೆಂದೂ, ಆದರೂ ಸಾಮಾನು ಹೊರಬಿದ್ದಿತೆಂದೂ ಆಂಗ್ಲ ಇತಿಹಾಸಕಾರ ಜಾನ್ ಕೇ ಬರೆದಿದ್ದಾನೆ. ಅದಾದ ಹತ್ತು ವರ್ಷಕ್ಕೆ ಅರಮನೆ ಸುಟ್ಟುಹೋಯಿತು.

1861ರಲ್ಲಿ ನಾಗಪುರ ಮಧ್ಯಪ್ರಾಂತದ ರಾಜಧಾನಿಯಾಯಿತು. ಆದರೆ ಹೊಸ ಅಧಿಕಾರ ಮಹಲಿಗೆ ಬರಲಿಲ್ಲ. ಸೀತಾಬರ್ಡಿ ಗುಡ್ಡದಾಚೆಯ ಸಿವಿಲ್ ಲೈನ್ಸ್‌ನಲ್ಲಿ ಬಂಗಲೆ ಕಟ್ಟಿಕೊಂಡಿತು. 1867ರಲ್ಲಿ ಮುಂಬಯಿಯ ರೈಲು ಬಂದಿತು, 1877ರಲ್ಲಿ ಜಮಶೇಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ಲು ಶುರುವಾಯಿತು. ನಗರದ ಹಣ, ಕಚೇರಿ, ಅಗಲದ ರಸ್ತೆ ಎಲ್ಲವೂ ಮಹಲಿನ ಹೊರಗೇ ಬೆಳೆದವು. ಮಹಲನ್ನು ಕಾಪಾಡಿದ್ದು ಈ ಅಲಕ್ಷ್ಯವೇ ಎಂದು ನಮಗೆ ತೋರುತ್ತದೆ. ಕೆಡವಿ ಕಟ್ಟುವಷ್ಟು ಲಾಭ ಅಲ್ಲಿನ ನೆಲದಲ್ಲಿರಲಿಲ್ಲ. ಆದ್ದರಿಂದ ದರ್ಬಾರು ಮುಗಿದ ಮೇಲೂ ವಾಡೆಗಳಲ್ಲಿ ಒಲೆ ಉರಿಯುತ್ತಲೇ ಇತ್ತು.

ಆ ರಕ್ಷೆ ಇಂದು ಇಲ್ಲ. ಮಹಲಿನ ನೆಲಕ್ಕೆ ಬೆಲೆ ಬಂದಿದೆ. ವಾಡೆಯ ಒಡೆತನವಾದರೋ ತಲೆಮಾರು ತಲೆಮಾರಿಗೆ ಹೋಳಾಗುತ್ತ ಬಂದಿದೆ: ಒಂದು ಪಡಸಾಲೆ ಒಬ್ಬರದು, ಉಪ್ಪರಿಗೆ ಇನ್ನೊಬ್ಬರದು, ಚೌಕ ಎಲ್ಲರದು. ಎಲ್ಲರದಾದ ಚೌಕದ ಗಚ್ಚನ್ನು ಸರಿಪಡಿಸುವವರಿಲ್ಲ. ಕಟ್ಟಡ ಕೆಡವಿ ಆಳಿಗೊಂದು ಫ್ಲ್ಯಾಟು ಪಡೆಯುವುದೇ ಪಾಲುದಾರರೆಲ್ಲ ಒಪ್ಪುವ ದಾರಿ. ಅವರನ್ನು ದೂರಿ ಫಲವಿಲ್ಲ. ತೇಗದ ತೊಲೆಗೆ ಗೆದ್ದಲು ಹಿಡಿದರೆ ಖರ್ಚು ಅವರದೇ, ಊರಿನದಲ್ಲ.

ನಗಾರಖಾನೆಯೂ ಗಾಂಧಿದ್ವಾರವೂ ಉಳಿದಾವು, ಏಕೆಂದರೆ ಅವುಗಳಲ್ಲಿ ಯಾರೂ ವಾಸಿಸಬೇಕಾಗಿಲ್ಲ. ವಾಡೆಯ ಸಂಗತಿ ಹಾಗಲ್ಲ. ಜನ ಬಾಳಿದರೆ ಮಾತ್ರ ಅದು ಬಾಳುತ್ತದೆ. ಪಾರಂಪರಿಕ ಕಟ್ಟಡವೆಂದು ಪಟ್ಟಿಯಲ್ಲಿ ಬರೆದುಕೊಂಡರೆ ಸಾಲದು, ಅದರಲ್ಲಿ ಇರುವವರ ದುರಸ್ತಿಯ ಹೊರೆಯಲ್ಲಿ ನಗರವೂ ಪಾಲು ಹೊರಬೇಕು. ನಮ್ಮ ನಾಡಿನ ದೇಸಗತಿ ವಾಡೆಗಳಿಗೂ ತೊಟ್ಟಿಮನೆಗಳಿಗೂ ಇದೇ ಮಾತು ಸಲ್ಲುತ್ತದೆ. ಊರಿನಲ್ಲಿ ಅಂಥ ಮನೆಯೊಂದರ ಪಾಲು ನಮ್ಮ ಹೆಸರಿಗಿದ್ದು, ದೂರದಿಂದಲೇ ಮಾರಾಟದ ಕಾಗದಕ್ಕೆ ಸಹಿ ಮಾಡುವವರೂ ಹೊರನಾಡಿನಲ್ಲಿರುವ ನಾವೇ ಅಲ್ಲವೆ?