ದೋಣಿಯ ಹೊಟ್ಟೆಯಿಂದ ದಡಕ್ಕೆ

ನಮ್ಮ ತೋಟದ ಬಾವಿಗೆ ಡೀಸೆಲ್ ಪಂಪ್ ಬಂದ ವರ್ಷ ಅಜ್ಜ ಕಪಿಲೆಯ ಎತ್ತುಗಳನ್ನು ಮಾರಿದರಂತೆ. "ಎರಡು ದಿನ ಸರಿಯಾಗಿ ಉಣ್ಲಿಲ್ಲ" ಅಂತ ಅಜ್ಜಿ ಹೇಳ್ತಿದ್ದರು. ಅಮೆರಿಕದ ಎಣ್ಣೆಯ ಚರಿತ್ರೆ ಓದುವಾಗ ಈ ಮಾತು ನೆನಪಾಯ್ತು.

1859ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಹತ್ತಿರ ಎಡ್ವಿನ್ ಡ್ರೇಕ್ ಕೊರೆಸಿದ ಬಾವಿಯಲ್ಲಿ, ಸುಮಾರು 69 ಅಡಿ ಆಳದಲ್ಲಿ ಕಚ್ಚಾ ಎಣ್ಣೆ ಸಿಕ್ಕಿತು. ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತೆ. ಆದರೆ ಅಸಲಿ ತಲೆನೋವು ಶುರುವಾಗಿದ್ದೇ ಆಮೇಲೆ: ಇದನ್ನು ಪಿಟ್ಸ್‌ಬರ್ಗ್‌ಗೆ ಸಾಗಿಸೋದು ಹೇಗೆ?

ಪಕ್ಕದಲ್ಲಿದ್ದದ್ದು ಆಯಿಲ್ ಕ್ರೀಕ್ ಎಂಬ ಸಣ್ಣ ಹೊಳೆ. ನೀರು ಕಡಿಮೆಯಾದಾಗ, ಮೇಲಿನ ಮರದ ಮಿಲ್ಲುಗಳ ಒಡ್ಡುಗಳಲ್ಲಿ ನೀರು ನಿಲ್ಲಿಸಿ, ಒಂದೇ ಸಲ ಬಿಟ್ಟು, ಆ ಪ್ರವಾಹದಲ್ಲಿ ನೂರಾರು ದೋಣಿ ತೇಲಿಸುತ್ತಿದ್ದರು. ಡಿಕ್ಕಿಯಾದರೆ ಎಣ್ಣೆ ಹೊಳೆಪಾಲು. ಮುಂದೆ ಅಲೆಗೆನಿ ನದಿಯಲ್ಲಿ ದೊಡ್ಡ ಬಾರ್ಜ್‌ಗಳ ಪ್ರಯಾಣ.

ಮೊದಮೊದಲು ಮರದ ಪೀಪಾಯಿಗಳಲ್ಲಿ ತುಂಬಿದರು. ಅವು ದುಬಾರಿ, ಸೋರುತ್ತಿದ್ದವು ಬೇರೆ. ಹಾಗಾಗಿ ಬಾರ್ಜ್ ಹೊಟ್ಟೆಗೇ ಎಣ್ಣೆ ಸುರಿದರು. ಪೀಪಾಯಿಯನ್ನಾದರೆ ಉರುಳಿಸಬಹುದು, ಬಾರ್ಜ್ ತುಂಬ ಹರಡಿಕೊಂಡ ಎಣ್ಣೆಯನ್ನು ದಡಕ್ಕೆತ್ತಲು ಪಂಪೇ ಬೇಕು. ಅದರ ಗುಟ್ಟು ನಮ್ಮ ಬಾವಿಕಟ್ಟೆಯದ್ದೇ. ಹೀರುವುದಕ್ಕೆ ಮಿತಿಯಿದೆ: ನೀರಾದರೆ ಲೆಕ್ಕದಲ್ಲಿ ಸುಮಾರು 10 ಮೀಟರ್, ಕೆಲಸದಲ್ಲಿ ಇನ್ನೂ ಕಡಿಮೆ. ತಳ್ಳುವುದಕ್ಕೆ ಆ ಮಿತಿಯಿಲ್ಲ. ಪಂಪು ಎಣ್ಣೆಯ ಹತ್ತಿರ ಕೂತರೆ, ಉಗಿ ಎಂಜಿನ್‌ನ ಬಲದಿಂದ ಎತ್ತರದ ತೊಟ್ಟಿಗೂ ತಳ್ಳಬಹುದು.

ತಳ್ಳುವುದೇ ಆದರೆ ದಡದ ತೊಟ್ಟಿಗೇ ಯಾಕೆ ನಿಲ್ಲಿಸಬೇಕು? 1865ರಲ್ಲಿ ಸ್ಯಾಮ್ಯುಯೆಲ್ ವ್ಯಾನ್ ಸಿಕಲ್, ಪಿಟ್‌ಹೋಲ್‌ನ ಬಾವಿಗಳಿಂದ ರೈಲು ನಿಲ್ದಾಣದವರೆಗೆ 5 ಮೈಲಿಗೂ ಹೆಚ್ಚು ದೂರ 2 ಇಂಚಿನ ಕಬ್ಬಿಣದ ಕೊಳವೆ ಹಾಕಿ, ಉಗಿ ಪಂಪುಗಳಿಂದ ಎಣ್ಣೆ ಹರಿಸಿದ. ಅಲ್ಲಿಯವರೆಗೆ ಕೆಸರಲ್ಲಿ ಕುದುರೆಗಾಡಿ ಹೊಡೆದು ಪೀಪಾಯಿ ಸಾಗಿಸುತ್ತಿದ್ದವರ ಹೊಟ್ಟೆಗೆ ಏಟು ಬಿತ್ತು. ಅವರು ಕೊಳವೆ ಕಿತ್ತರು, ಒಡೆದರು. ಆತ ಬಂದೂಕಿನ ಕಾವಲು ಹಾಕಿಸಿದ. ಕೊನೆಗೆ ಗೆದ್ದದ್ದು ಕೊಳವೆ.

ಆ ಗಾಡಿಯವರು ಪೀಪಾಯಿಗೆ ವಿಪರೀತ ಬಾಡಿಗೆ ಕೀಳುತ್ತಿದ್ದರು ಅನ್ನೋದೂ ನಿಜ. ಕಪಿಲೆ ಹೋಗಿದ್ದರಿಂದ ನಮ್ಮ ತೋಟ ಉಳಿಯಿತು ಅನ್ನೋದೂ ನಿಜ. ಆ ತೋಟದ ದುಡ್ಡಲ್ಲೇ ನಾನು ಬಿಇ ಓದಿದ್ದು.

ಕಳೆದ ವರ್ಷ ರಾತ್ರಿ ಪಾಳಿಯ ಹತ್ತು ಜನ ಕೈಯಲ್ಲಿ ಮಾಡ್ತಿದ್ದ ಕೆಲಸಕ್ಕೆ ನಾನೊಂದು ಸ್ಕ್ರಿಪ್ಟ್ ಬರೆದೆ. ಡೆಮೋಗೆ ಚಪ್ಪಾಳೆ ಬಿತ್ತು. ಆ ಹತ್ತರಲ್ಲಿ ನನಗೆ ಗೊತ್ತಿದ್ದದ್ದು ಇಬ್ಬರ ಹೆಸರು ಮಾತ್ರ. ಅಜ್ಜನಿಗೆ ಮಾತ್ರ ತನ್ನ ಎರಡೂ ಎತ್ತಿನ ಹೆಸರು ಕೊನೆಯವರೆಗೂ ನೆನಪಿತ್ತು.