ಮಗ್ಗ, ಕಾಟಾ, ಹೆಬ್ಬೆಟ್ಟು: ನಾಲ್ಕು ತಾಲ್ಲೂಕುಗಳಲ್ಲಿ ತಂತ್ರಜ್ಞಾನ ನೀತಿಯ ವೃತ್ತಿನೆಲೆ

ಕಬ್ಬಿನ ಹಂಗಾಮು ಶುರುವಾದರೆ ಮುಧೋಳ ಸೀಮೆಯ ರೈತನ ಮೊದಲ ಪ್ರಶ್ನೆ ದರದ್ದು, ಎರಡನೆಯದು ಕಾಟಾದ್ದು. ತೂಕದ ಪರದೆಯ ಮೇಲೆ ಮೂಡಿದ ಅಂಕಿ ಸಾಚಾವೇ? ಅದನ್ನು ಪರೀಕ್ಷಿಸಿದವರು ಯಾರು? ತಪ್ಪಿದ್ದರೆ ನಷ್ಟ ಯಾರ ತಲೆಗೆ? ತಂತ್ರಜ್ಞಾನ ಮತ್ತು ಸೈಬರ್ ಸುರಕ್ಷತಾ ನೀತಿ ಎಂಬ ಶಿಸ್ತು ಈ ಮೂರು ಪ್ರಶ್ನೆಗಳ ವಿಸ್ತರಣೆ ಎಂಬುದು ಪ್ರಸ್ತುತ ಲೇಖನದ ವಾದ. ಹಾಗಿದ್ದರೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪದವೀಧರರು ಈ ವೃತ್ತಿಗೆ ಬರಿಗೈಯಲ್ಲಿ ಬರುವವರಲ್ಲ.

1. ಮಗ್ಗ: ವ್ಯಾಖ್ಯೆಯ ಪಾಠ

ಕೈಮಗ್ಗವೂ ವಿದ್ಯುತ್ ಮಗ್ಗವೂ ಅಕ್ಕಪಕ್ಕ ಸದ್ದು ಮಾಡುವ ರಬಕವಿ-ಬನಹಟ್ಟಿಯ ನೇಕಾರರಿಗೆ ಯಂತ್ರವನ್ನು ನಿಯಂತ್ರಿಸುವ ಕಾನೂನು ಹೊಸದಲ್ಲ. ಕೆಲವು ಬಗೆಯ ಸೀರೆ, ಧೋತರ, ಟವೆಲ್ ಮುಂತಾದವನ್ನು ಕೈಮಗ್ಗಕ್ಕೆ ಮೀಸಲಿಟ್ಟ ಕಾಯ್ದೆ ಬಂದದ್ದು 1985ರಲ್ಲಿ. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1996ರಲ್ಲಿ ಮೀಸಲು ವಸ್ತುಗಳ ಸಂಖ್ಯೆ 22ರಿಂದ 11ಕ್ಕೆ ಇಳಿಯಿತು. ಆ ಕಾಯ್ದೆಯ ಪ್ರಕಾರ ವಿದ್ಯುತ್ ಮಗ್ಗವಲ್ಲದ ಮಗ್ಗವೆಲ್ಲ ಕೈಮಗ್ಗ. ಒಂದು ಸಾಲಿನ ಈ ವ್ಯಾಖ್ಯೆ ಯಾರ ಒಲೆ ಉರಿಯಬೇಕೆಂಬುದನ್ನೂ ನಿರ್ಧರಿಸಬಲ್ಲದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ‘ಮಧ್ಯವರ್ತಿ’ ಎಂದರೆ ಯಾರು ಎಂಬ ವಾದವನ್ನು ಓದುವಾಗ ನೇಕಾರರ ಮನೆಯ ವಿದ್ಯಾರ್ಥಿಗೆ ಇದು ನೆನಪಾಗದೆ ಇರದು.

2. ಕಾಟಾ: ಪ್ರಮಾಣದ ಪಾಠ

2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆ ತೂಕದ ಯಂತ್ರಕ್ಕೆ ಪರಿಶೀಲನೆ ಮತ್ತು ಮುದ್ರೆಯನ್ನು ಕಡ್ಡಾಯಗೊಳಿಸುತ್ತದೆ. ಆದರೆ ಮುದ್ರೆ ಬೀಳುವುದು ಯಂತ್ರದ ಮೇಲೆ. ಅಂಕಿ ಅಲ್ಲಿಂದ ಗಣಕಕ್ಕೆ, ಗಣಕದಿಂದ ಬಿಲ್ಲಿಗೆ, ಬಿಲ್ಲಿನಿಂದ ಬ್ಯಾಂಕ್ ಖಾತೆಗೆ ಸಾಗುತ್ತದೆ. ಈ ದಾರಿಯಲ್ಲಿ ಯಾರು ಕೈಯಾಡಿಸಬಲ್ಲರು, ಕೈಯಾಡಿಸಿದರೆ ಗುರುತು ಉಳಿಯುತ್ತದೆಯೇ ಎಂಬುದು ಸೈಬರ್ ಸುರಕ್ಷತೆಯ ಪ್ರಶ್ನೆ. ದೇಶದ ಸೈಬರ್ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಲು, ಗಣಕದ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಲು ಹೇಳುತ್ತದೆ. ದಿಲ್ಲಿಯಲ್ಲಿ ಬರೆದ ಈ ಸಾಲುಗಳು ಸಣ್ಣ ಊರಿನ ಕಚೇರಿಯಲ್ಲಿ ಹೇಗೆ ಅರ್ಥವಾಗುತ್ತವೆ ಎಂಬುದನ್ನು ಅಲ್ಲೇ ಕುಳಿತು ಶೋಧಿಸಬೇಕು.

3. ಹೆಬ್ಬೆಟ್ಟು: ಹೊಣೆಯ ಪಾಠ

ಬೀಳಗಿ ಆಲಮಟ್ಟಿ ಹಿನ್ನೀರಿನ ತಾಲ್ಲೂಕು. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ಜಮೀನಿಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಗೊತ್ತುಪಡಿಸಿದ ಪರಿಹಾರ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಇಷ್ಟು ಹಣ ನಿಲ್ಲುವುದು ಜಮೀನಿನ ಉತಾರದಲ್ಲಿರುವ ಹೆಸರು, ಆಧಾರ್, ಖಾತೆಗಳ ಹೊಂದಾಣಿಕೆಯ ಮೇಲೆ. ಆ ಹೊಂದಾಣಿಕೆ ಎಲ್ಲಿ ಸಡಿಲಾಗಬಹುದೆಂಬುದನ್ನು 2023ರ ಪ್ರಕರಣಗಳು ತೋರಿಸಿವೆ: ರಾಜ್ಯದ ಕಾವೇರಿ ಜಾಲತಾಣದ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆಯಲಾಗಿತ್ತು. ಗುಪ್ತಪದ ಕಳೆದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು.

ಕಳೆದ ಹಣದ ಹೊಣೆ ಯಾರದು? ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದ ಮೂರನೆಯವರ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿತು. ಅದೇ ವರ್ಷ ಸಹಕಾರಿ ಬ್ಯಾಂಕುಗಳಿಗೂ ಅದನ್ನು ಅನ್ವಯಿಸಿತು. ಆದರೆ ಪತ್ತಿನ ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ. ಉಳಿತಾಯವನ್ನು ಸೌಹಾರ್ದದಲ್ಲಿಡುವ ಕುಟುಂಬ ಈ ರಕ್ಷಣೆಯ ಹೊರಗೆ ಉಳಿಯುತ್ತದೆ. ಇಂಥ ಸಂದುಗಳನ್ನು ಗುರುತಿಸಿ, ಮುಚ್ಚುವ ಕರಡು ಬರೆಯುವುದೇ ನೀತಿತಜ್ಞರ ದಿನನಿತ್ಯದ ಕೆಲಸ.

4. ವೃತ್ತಿಯ ಮೆಟ್ಟಿಲು

ಈ ಕೆಲಸಕ್ಕೆ ಬಾಗಿಲುಗಳು ಹಲವು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2014ರಿಂದ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ ನೀಡುತ್ತಿದೆ. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ, ತಕ್ಷಶಿಲಾ ಸಂಸ್ಥೆಗಳು ಸಂಶೋಧನೆಯ ನೆಲೆಗಳು. ಪಿಆರ್‌ಎಸ್ ಎಂಬ ಶಾಸನ ಸಂಶೋಧನಾ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ಯುವ ಪದವೀಧರರನ್ನು ಸಂಸದರ ಜೊತೆ ಶಾಸನದ ಕೆಲಸಕ್ಕೆ ಹಚ್ಚುತ್ತದೆ. ರಾಜ್ಯದ ಸೈಬರ್ ಸುರಕ್ಷತಾ ನೀತಿ 2024ರಲ್ಲಿ ಬಂದಿದೆ; ಸೈಬರ್ ಅಪರಾಧದ ಪೊಲೀಸ್ ಠಾಣೆಗಳು ಜಿಲ್ಲಾ ಮಟ್ಟದಲ್ಲೇ ಇವೆ. ಕಾನೂನು, ಗಣಕವಿಜ್ಞಾನ, ವಾಣಿಜ್ಯ, ಯಾವ ಪದವಿಯಿಂದ ಬಂದವರಿಗೂ ಇಲ್ಲಿ ಎಡೆಯಿದೆ. ಆದರೆ ಉಳಿದೆರಡರ ಅಕ್ಷರಾಭ್ಯಾಸವನ್ನಾದರೂ ಮಾಡಿಕೊಳ್ಳಲೇಬೇಕು.

ಕನ್ನಡವೂ ಈಗ ವೃತ್ತಿಯ ಬಂಡವಾಳ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ರೈತನಿಗೂ ನೇಕಾರನಿಗೂ ತಿಳಿಯುವ ಕನ್ನಡದಲ್ಲಿ ಆ ಸೂಚನೆ ಬರೆಯಬಲ್ಲವರು ಬೇಕಾಗುತ್ತಾರೆ. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ 2017ರ ತೀರ್ಪಿಗೆ ಕಾರಣವಾದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು ಎಂಬುದನ್ನೂ ಇಲ್ಲಿ ನೆನೆಯಬೇಕು.

ಸಮಾರೋಪ

ಜಮಖಂಡಿಯಲ್ಲಿ ಈಗ ಬಾಗಲಕೋಟೆ ವಿಶ್ವವಿದ್ಯಾಲಯವಿದೆ. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ತೂಕದ ಒಂದು ಚೀಟಿಯನ್ನು ಕಾಟಾದಿಂದ ಬ್ಯಾಂಕ್ ಖಾತೆಯವರೆಗೆ ಹಿಂಬಾಲಿಸಲಿ. ಎಲ್ಲೆಲ್ಲಿ ಅಂಕಿ ಕೈ ಬದಲಾಯಿಸಿತು, ಅಲ್ಲಲ್ಲಿ ಯಾವ ಕಾನೂನು ಕಾವಲಿತ್ತು, ಎಲ್ಲಿ ಯಾವುದೂ ಇರಲಿಲ್ಲ ಎಂದು ಮೂವತ್ತು ಪುಟ ಬರೆಯಲಿ. ಆ ಮೂವತ್ತು ಪುಟ ಮುಗಿದಾಗ ಅವಳು ವೃತ್ತಿಯ ಬಾಗಿಲಲ್ಲಿ ನಿಂತಿರುವುದಿಲ್ಲ, ಒಳಗೇ ಇರುತ್ತಾಳೆ.